ಫ್ರಾಂಕ್ಸ್, ಬ್ರಿಟನ್ಸ್, ದ್ರವಿಡಿಯನ್ಸ್: ಮೊದಲ ಆಟಕ್ಕೆ ಯಾವುದು?

ಶಿರಸಿಯಿಂದ ತಮ್ಮ ಕೇಳಿದ್ದಾನೆ: ‘ಅಣ್ಣಾ, ಏಜ್ ಆಫ್ ಎಂಪೈರ್ಸ್ 2 ಶುರು ಮಾಡಿದ್ದೇನೆ, 40ಕ್ಕೂ ಜಾಸ್ತಿ ಪಡೆಗಳಿವೆ, ಯಾವುದು ಹಿಡಿಯಲಿ?’ ಊರು ಕಟ್ಟಿ, ಸೈನ್ಯ ಬೆಳೆಸಿ ಕಾದಾಡುವ ಕಂಪ್ಯೂಟರ್ ಆಟ ಇದು. ಸದ್ಯಕ್ಕೆ ಫ್ರಾಂಕ್ಸ್, ಬ್ರಿಟನ್ಸ್, ದ್ರವಿಡಿಯನ್ಸ್, ಈ ಮೂರೇ ಸಾಕು ಮಾರಾಯಾ.

ಮೊದಲು ಹೊಟ್ಟೆಪಾಡು, ಅಂದರೆ ಆಹಾರ, ಕಟ್ಟಿಗೆ, ಚಿನ್ನ ಕೂಡಿಸುವುದು. ಹೊಸಬರು ಸೋಲುವುದು ಜಾಸ್ತಿ ಇಲ್ಲೇ, ಯುದ್ಧದಲ್ಲಲ್ಲ. ಫ್ರಾಂಕ್ಸ್‌ಗೆ ಮಿಲ್ (ಗಿರಣಿ) ಕಟ್ಟಿದ್ದರೆ ಹೊಲದ ಅಪ್‌ಗ್ರೇಡ್‌ಗಳು (ಫಸಲು ಹೆಚ್ಚಿಸುವ ಸುಧಾರಣೆಗಳು) ಪುಕ್ಕಟೆ, ಅಂದರೆ ನೀನು ಮರೆತರೂ ಆಟ ಮರೆಯುವುದಿಲ್ಲ. ಬ್ರಿಟನ್ಸ್‌ಗೆ ಕ್ಯಾಸಲ್ ಏಜ್‌ನಿಂದ (ಆಟದ ನಾಲ್ಕು ಏಜ್, ಅಂದರೆ ಯುಗಗಳಲ್ಲಿ ಮೂರನೆಯದು) ಟೌನ್ ಸೆಂಟರ್ (ಊರಿನ ಮುಖ್ಯ ಕಟ್ಟಡ) ಕಟ್ಟಲು ಅರ್ಧ ಕಟ್ಟಿಗೆ ಸಾಕು. ದ್ರವಿಡಿಯನ್ಸ್ ಒಂದೊಂದು ಏಜ್ ಏರಿದಾಗಲೂ 200 ಕಟ್ಟಿಗೆ ಪಡೆಯುತ್ತಾರೆ.

ಸೈನ್ಯದಲ್ಲಿ ವ್ಯತ್ಯಾಸ ದೊಡ್ಡದು. ಫ್ರಾಂಕ್ಸ್ ಕುದುರೆ ಸವಾರರಿಗೆ ಜೀವ 20% ಜಾಸ್ತಿ, ಹಾಗಾಗಿ ಸುಮ್ನೆ ಗುಂಪಾಗಿ ನುಗ್ಗಿಸಿ ಆಮೇಲೆ ಊರ ಕಡೆ ನೋಡಲು ಹೋದರೂ ತಕ್ಷಣ ಸಾಯುವುದಿಲ್ಲ. ಆದರೆ ಒಬ್ಬ ನೈಟ್‌ಗೆ (ಕವಚ ತೊಟ್ಟ ಕುದುರೆ ಸವಾರ) 60 ಆಹಾರ, 75 ಚಿನ್ನ; ಎದುರಿನವನು ಭರ್ಜಿಯವರನ್ನು ತಂದರೆ ಓಡಲೇಬೇಕು. ಬ್ರಿಟನ್ಸ್ ಬಿಲ್ಲುಗಾರರು ದೂರದಿಂದ ಹೊಡೆಯುತ್ತಾರೆ, ಖರ್ಚೂ ಕಡಿಮೆ. ಆದರೆ ಕಣ್ಣು ಅವರ ಮೇಲೇ ಇರಬೇಕು, ಇಲ್ಲದಿದ್ದರೆ ಕಲ್ಲೆಸೆಯುವ ಯಂತ್ರದ ಒಂದೇ ಏಟಿಗೆ ಅರ್ಧ ಗುಂಪು ಮಾಯ. ನನಗೆ ಆಗಿದೆ, ಕೇಳಬೇಡ.

ದ್ರವಿಡಿಯನ್ಸ್‌ಗೆ ನೈಟ್ ಇಲ್ಲವೇ ಇಲ್ಲ. ಬಯಲಲ್ಲಿ ಹೊಸಬನಿಗೆ ಕಷ್ಟ. ಆದರೆ ಮ್ಯಾಪ್‌ನಲ್ಲಿ ನೀರಿದ್ದರೆ ಲೆಕ್ಕವೇ ಬೇರೆ: ಇವರ ಮೀನುಗಾರರು ಒಂದು ಸಲಕ್ಕೆ ಜಾಸ್ತಿ ಹೊರುತ್ತಾರೆ. ಕಾರವಾರದ ಬೈತಖೋಲ್ ಬಂದರು ನೋಡಿ ಬೆಳೆದ ನಾನು ಇವರನ್ನು ಹಿಡಿದದ್ದು ಅದಕ್ಕೇ ಅಲ್ವಾ!

ಬಯಲು ಮ್ಯಾಪ್, ನಿಧಾನದ ಕೈ ಅಂದರೆ ಫ್ರಾಂಕ್ಸ್. ಮೌಸ್ ಚುರುಕಾಗಿ ಆಡಿಸುತ್ತೀಯಾ, ಬ್ರಿಟನ್ಸ್. ದ್ವೀಪಗಳ ಆಟವೇ ಇಷ್ಟವಾದರೆ ದ್ರವಿಡಿಯನ್ಸ್, ಅದೂ ನಾಲ್ಕೈದು ಆಟ ಆಡಿದ ಮೇಲೆ.