ಇಳಿಜಾರು, ಸ್ಟ್ರಾ, ರಟ್ಟಿನ ಡಬ್ಬ: ತಳ್ಳೋದನ್ನ ಕಲಿಸೋಕೆ ಯಾವುದು ವಾಸಿ?

ತಳ್ಳಿದ್ರೆ ವಸ್ತು ಯಾಕೆ ಓಡುತ್ತೆ, ಎಷ್ಟು ದೂರ ಓಡುತ್ತೆ ಅನ್ನೋದನ್ನ ಚಿಕ್ಕ ಮಕ್ಕಳಿಗೆ ತೋರಿಸೋಕೆ ಸಾಮಾನ್ಯವಾಗಿ ಮೂರು ಆಟ ಹೇಳ್ತಾರೆ: ಹಲಗೆ ಓರೆಯಾಗಿ ಇಟ್ಟು ಆಟದ ಕಾರ್ ಬಿಡೋದು, ಸ್ಟ್ರಾದಲ್ಲಿ ಚೆಂಡು ಊದೋದು, ರಟ್ಟಿನ ಡಬ್ಬ ತಳ್ಳೋದು. ನಮ್ಮನೇಲಿ ನಾಲ್ಕು ವರ್ಷದವನೊಬ್ಬ, ಆರು ವರ್ಷದವಳೊಬ್ಳು ಇದಾರೆ, ಇಬ್ರ ಜೊತೆನೂ ಮೂರನ್ನೂ ಆಡಿ ನೋಡಿದೀನಿ. ನನ್ನ ವೋಟು ಡಬ್ಬಕ್ಕೆ.

ಮೊದ್ಲು ಇಳಿಜಾರು. ಮಕ್ಕಳಿಗೆ ಸಖತ್ ಖುಷಿ, ಬಿಟ್ರೆ ನಿಲ್ಸೋದೇ ಇಲ್ಲ. ಆದ್ರೆ ಅಲ್ಲಿ ಕಾರನ್ನ ತಳ್ತಿರೋದು ಯಾರು ಹೇಳಿ? ಕೈ ಬಿಟ್ರೆ ಸಾಕು, ಗುರುತ್ವಾಕರ್ಷಣೆ ಎಳ್ಕೊಂಡು ಹೋಗುತ್ತೆ. ಇದೇ ಪ್ರಶ್ನೆ ಮಗಳಿಗೆ ಕೇಳಿದ್ರೆ "ಹಲಗೆ" ಅಂದ್ಲು. ಹಲಗೆನೂ ತಳ್ಳುತ್ತೆ ನಿಜ, ಆದ್ರೆ ತನ್ನ ಮೇಲ್ಮೈಗೆ ಲಂಬವಾಗಿ ತಳ್ಳುತ್ತೆ, ಅದನ್ನ ಒಂದನೇ ಕ್ಲಾಸ್ ಮಗುಗೆ ಬಿಡಿಸಿ ಹೇಳೋಕೆ ಹೋದ್ರೆ ಕಾರ್ ಆಟನೂ ಹೋಯ್ತು ಪಾಠನೂ ಹೋಯ್ತು. ಗೆಲಿಲಿಯೋ ಇಳಿಜಾರಲ್ಲಿ ಗುಂಡು ಉರುಳಿಸಿದ್ದೂ ಬೀಳೋ ವಸ್ತು ಹೇಗೆ ವೇಗ ಪಡ್ಕೊಳ್ಳುತ್ತೆ ಅಂತ ನಿಧಾನವಾಗಿ ಅಳೆಯೋಕೆ. ಒಳ್ಳೆ ಆಟನೇ, ಆದ್ರೆ ಬೇರೆ ಪಾಠದ್ದು.

ಸ್ಟ್ರಾ ಇದಕ್ಕಿಂತ ವಾಸಿ. ಟೇಬಲ್ ಟೆನಿಸ್ ಚೆಂಡು ಬರೀ 2.7 ಗ್ರಾಂ, ಉಫ್ ಅಂದ್ರೆ ಓಡುತ್ತೆ. ದಿಕ್ಕು ಕಲಿಸೋಕೆ ಇದನ್ನ ಮೀರಿಸೋದಿಲ್ಲ, ಓಡ್ತಿರೋ ಚೆಂಡಿಗೆ ಪಕ್ಕದಿಂದ ಊದಿದ್ರೆ ಹೇಗೆ ಓರೆಯಾಗಿ ತಿರುಗುತ್ತೆ ಅಂತ ಕಣ್ಣಾರೆ ಕಾಣುತ್ತೆ. ಚಿಕ್ಕವನು ಮಾತ್ರ ಊದೋ ಬದಲು ಹೀರ್ತಾನೆ, ಜಾಸ್ತಿ ಹೊತ್ತು ಊದಿದ್ರೆ ತಲೆ ಸುತ್ತುತ್ತೆ, ಆಮೇಲೆ ಎಲ್ಲಾ ಕಡೆ ಎಂಜಲು. ದೊಡ್ಡ ತೊಂದ್ರೆ ಅಂದ್ರೆ ತಳ್ಳೋ ಗಾಳಿ ಕಾಣಲ್ಲ, ಚೆಂಡಿನ ಭಾರನೂ ಕೈಗೆ ಗೊತ್ತಾಗಲ್ಲ.

ಡಬ್ಬದಲ್ಲಿ ಮೈಯೇ ಪಾಠ ಹೇಳುತ್ತೆ. ಖಾಲಿ ಡಬ್ಬ ಒಂದು ಬೆರಳಿಗೆ ಸರಿಯುತ್ತೆ, ಪುಸ್ತಕ ತುಂಬಿದ್ರೆ ಕಾಲು ಊರಿ ಬಗ್ಗಿ ತಳ್ಳಬೇಕು, ನಯವಾದ ನೆಲ ಬಿಟ್ಟು ಚಾಪೆ ಮೇಲೆ ಬಂದ ತಕ್ಷಣ ಅದೇ ಡಬ್ಬ ಹಠ ಹಿಡಿಯುತ್ತೆ, ಘರ್ಷಣೆ ಅನ್ನೋ ಪದ ಹೇಳದೇನೇ ಅದು ಕೈಗೆ ಸಿಕ್ಕಿರುತ್ತೆ. ಇಬ್ರೂ ಒಂದೇ ಕಡೆಯಿಂದ ತಳ್ಳಿದ್ರೆ ಸುಲಭ, ಎದುರುಬದುರು ತಳ್ಳಿದ್ರೆ ಜಗಳ. ನನಗೆ ತುಂಬಾ ಇಷ್ಟ ಆಗೋದು ಡಬ್ಬ ಅಲ್ಲಾಡದೇ ಇರೋ ಕ್ಷಣ. ಮಗ "ನಾನು ತಳ್ಳೇ ಇಲ್ಲ" ಅಂತಾನೆ, ಮುಖ ಕೆಂಪಾಗೋ ಹಾಗೆ ತಳ್ಳಿರ್ತಾನೆ! ತಳ್ಳು ಇದೆ, ನೆಲ ಅಷ್ಟೇ ಜೋರಾಗಿ ತಡೀತಿದೆ, ಅಷ್ಟೇ. ಒಂದು ಮಾತು, ಕೆಳಗಡೆ ಹಿಡಿದು ತಳ್ಳೋಕೆ ಹೇಳಿ, ಮೇಲ್ಗಡೆ ತಳ್ಳಿದ್ರೆ ಎತ್ತರದ ಡಬ್ಬ ಮಗುಚುತ್ತೆ.

ಡಬ್ಬಕ್ಕೂ ಒಂದು ಕೊರತೆ ಇದೆ. ಕೈ ತೆಗೆದ್ರೆ ಅದು ನಿಂತುಬಿಡುತ್ತೆ, ಹಾಗಾಗಿ ತಳ್ತಾನೇ ಇದ್ರೆ ಮಾತ್ರ ವಸ್ತು ಓಡೋದು ಅಂತ ಮಕ್ಕಳು ತೀರ್ಮಾನ ಮಾಡ್ಕೊಳ್ತಾರೆ. ಅರಿಸ್ಟಾಟಲ್ ಕೂಡ ಹೆಚ್ಚುಕಮ್ಮಿ ಹಾಗೇ ಅಂದ್ಕೊಂಡಿದ್ದ, ನ್ಯೂಟನ್ 1687ರಲ್ಲಿ ಚಲನೆಯ ನಿಯಮಗಳನ್ನ ಪ್ರಕಟಿಸೋ ಹೊತ್ತಿಗೆ ಅಲ್ವಾ ಇದು ತಿದ್ದಿದ್ದು, ಮಕ್ಕಳನ್ನ ಬೈಯೋ ಹಾಗಿಲ್ಲ. ಇದಕ್ಕೆ ಆ ಕಾರೇ ಬೇಕು. ಹಲಗೆ ಎತ್ತಿಟ್ಟು ಸಪಾಟು ನೆಲದ ಮೇಲೆ ಕಾರನ್ನ ಬೆರಳಲ್ಲಿ ಒಂದ್ಸಲ ಮೆಲ್ಲಗೆ, ಒಂದ್ಸಲ ಜೋರಾಗಿ ತಳ್ಳಿಸಿ, ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದ ಗೆರೆ ಹಾಕಿಸಿ, ಆಮೇಲೆ ಅದನ್ನೇ ಚಾಪೆ ಮೇಲೂ ಮಾಡಿಸಿ. ಕೈ ಬಿಟ್ಟ ಮೇಲೂ ಯಾಕೆ ಓಡ್ತು ಅನ್ನೋದಕ್ಕಿಂತ, ಕೊನೆಗೆ ಯಾಕೆ ನಿಂತ್ತು ಅಂತ ಕೇಳಿ.