‘ಶುದ್ಧ ಮಲ್ಲಿಗೆ’ ಎಣ್ಣೆ ಹಚ್ಚಿ ಕುತ್ತಿಗೆ ಕಪ್ಪಾದ ಕಥೆ

ಹೂವಿನ ಎಣ್ಣೆ ಮೈಗೆ ತಂಪು, ಅದರಿಂದ ಅಡ್ಡಪರಿಣಾಮವಿಲ್ಲ ಎಂದು ನಂಬಿದವರು ದಯವಿಟ್ಟು ಇದನ್ನು ಓದಿ. ಮೇಳವೊಂದರ ಮಳಿಗೆಯಿಂದ ನನ್ನ ತಂಗಿಗೆ ಉಡುಗೊರೆಯಾಗಿ ಒಂದು ಬಾಟಲಿ ಬಂತು. ‘ನೂರಕ್ಕೆ ನೂರು ಶುದ್ಧ ಮಲ್ಲಿಗೆ, ಸ್ನಾನದ ನಂತರ ಮೈಗೂ ಮುಖಕ್ಕೂ’ ಎಂದು ಅದರ ಮೇಲೆ ಬರೆದಿತ್ತು. ಪರಿಮಳವೇನೋ ಚೆನ್ನಾಗಿಯೇ ಇತ್ತು.

ಬೇಸಿಗೆ ಕಳೆಯುವಷ್ಟರಲ್ಲಿ ಅವಳ ಕುತ್ತಿಗೆಯ ಎರಡೂ ಬದಿ ಮತ್ತು ದವಡೆಯಂಚು ಬೂದು ಬೆರೆತ ಕಂದು ಬಣ್ಣಕ್ಕೆ ತಿರುಗಿದವು. ಹತ್ತಿರದಿಂದ ನೋಡಿದರೆ ಬಲೆ ಹೆಣೆದಂತಹ ಕಲೆ. ತುರಿಕೆ ಅಷ್ಟಾಗಿ ಇರಲಿಲ್ಲ, ಹಾಗಾಗಿಯೇ ಎಣ್ಣೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಮನೆಯವರೆಲ್ಲ ಬಂಗು ಎಂದರು. ಕಡಲೆಹಿಟ್ಟು, ಅರಿಸಿನ, ಲೋಳೆಸರ ಎಲ್ಲವೂ ಆದವು. ಮಾರಿದವರನ್ನು ಕೇಳಿದರೆ, ‘ಒಳಗಿನ ವಿಷ ಹೊರಗೆ ಬರುತ್ತಿದೆ, ನಿಲ್ಲಿಸಬೇಡಿ’ ಎಂಬ ಉತ್ತರ! ಈ ಮಾತನ್ನು ಯಾರು ಹೇಳಿದರೂ ಅಲ್ಲಿಗೇ ಬಾಟಲಿ ಮುಚ್ಚಿಬಿಡಿ.

ಚರ್ಮವೈದ್ಯೆ ಮೊದಲು ಕೇಳಿದ್ದೇ ಬಾಟಲಿಯನ್ನು. ಯಾವುದರಿಂದ ಅಲರ್ಜಿ ಎಂದು ತಿಳಿಯಲು, ಸಂಶಯದ ಪದಾರ್ಥಗಳಿರುವ ಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿದರು. 48 ಗಂಟೆ ಬೆನ್ನು ನೆನೆಯುವಂತಿಲ್ಲ. ಪಟ್ಟಿ ತೆಗೆದು ಒಮ್ಮೆ, ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಬಾಟಲಿಯ ಎಣ್ಣೆ, ಮಲ್ಲಿಗೆ ಸಾರ, ಇಲಾಂಗ್ ಇಲಾಂಗ್ ಎಣ್ಣೆ ಇಟ್ಟಿದ್ದ ಜಾಗಗಳು ಕೆಂಪಗೆ ಉಬ್ಬಿದ್ದವು. ಇಲಾಂಗ್ ಇಲಾಂಗ್ ಸೀತಾಫಲದ ಕುಟುಂಬಕ್ಕೆ ಸೇರಿದ ಉಷ್ಣವಲಯದ ಮರ. ಅದರ ಹಳದಿ ಹೂಗಳನ್ನು ಕೊಮೊರೊಸ್, ಮಡಗಾಸ್ಕರ್‌ಗಳಲ್ಲಿ ಭಟ್ಟಿ ಇಳಿಸುತ್ತಾರೆ. ದುಬಾರಿ ಮಲ್ಲಿಗೆಯ ಬದಲು ಅದನ್ನು ಬಳಸುವುದುಂಟು. 1970ರ ದಶಕದಲ್ಲಿ ಜಪಾನಿನಲ್ಲಿ ಪ್ರಸಾಧನಗಳಿಂದ ಮಹಿಳೆಯರ ಮುಖ ಹೀಗೆಯೇ ಕಪ್ಪಾದಾಗ ಪತ್ತೆಯಾದ ಕಾರಣಗಳಲ್ಲಿ ಮಲ್ಲಿಗೆ ಸಾರ, ಇಲಾಂಗ್ ಇಲಾಂಗ್ ಎಣ್ಣೆ ಎರಡೂ ಇದ್ದವು.

‘ಹುಟ್ಟಿದಾಗಿನಿಂದ ಮಲ್ಲಿಗೆ ಮುಡಿದವಳಿಗೆ ಅದೇ ಒಗ್ಗದೇ?’ ಎಂದು ಅಮ್ಮ ಕೇಳಿದರು. ಮುಡಿಯುವ ಹೂವೇ ಬೇರೆ, ಸಾರವೇ ಬೇರೆ. ಒಂದು ಕಿಲೋ ಸಾರಕ್ಕೆ ನೂರಾರು ಕಿಲೋ ಹೂ ಬೇಕು. ಹಬೆಯ ಬಿಸಿಗೆ ಮಲ್ಲಿಗೆಯ ಪರಿಮಳ ಕೆಡುವುದರಿಂದ ಅದನ್ನು ಹೆಕ್ಸೇನ್‌ನಂತಹ ದ್ರಾವಕದಿಂದ ತೆಗೆಯುತ್ತಾರೆ. ಮದುವೆಯ ಕಾಲದಲ್ಲಿ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ಒಂದು ಅಟ್ಟಿಗೆ (ನಾಲ್ಕು ಚೆಂಡು ಹೂವಿಗೆ) ಸಾವಿರ ರೂಪಾಯಿ ದಾಟುವುದನ್ನು ಕಂಡವರು ನಾವು. ಮುನ್ನೂರು ರೂಪಾಯಿಗೆ ಬಾಟಲಿ ತುಂಬ ‘ಶುದ್ಧ ಮಲ್ಲಿಗೆ’ ಎಲ್ಲಿಂದ ಬರಬೇಕು? ಬಾಟಲಿ ತೆರೆದಿಟ್ಟಷ್ಟೂ ಅಪಾಯ ಹೆಚ್ಚು. ಹೂವಿನೆಣ್ಣೆಗಳಲ್ಲಿರುವ ಲಿನಲೂಲ್ ಎಂಬ ಪರಿಮಳದ ಅಂಶ ಗಾಳಿ ತಾಗಿ ಆಕ್ಸಿಡೀಕರಣಗೊಂಡಾಗ ಅಲರ್ಜಿ ತರುವ ಶಕ್ತಿ ಹೆಚ್ಚುತ್ತದೆ.

ಆ ಬಾಟಲಿಯ ಮೇಲೆ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಪದಾರ್ಥಗಳ ಪಟ್ಟಿ ಯಾವುದೂ ಇರಲಿಲ್ಲ. ಇವೆಲ್ಲ ಇರಲೇಬೇಕೆಂದು ನಿಯಮವಿದೆ. ಇಲ್ಲದ್ದನ್ನು ಮುಟ್ಟಬೇಡಿ. ಇದ್ದರೂ, ಹಚ್ಚಿ ಹಾಗೆಯೇ ಬಿಡುವ ಎಣ್ಣೆಯನ್ನು ಮೊದಲು ಮೊಣಕೈಯ ಒಳಭಾಗಕ್ಕೆ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ.

ಎಣ್ಣೆ ನಿಲ್ಲಿಸಿದ ಮೇಲೂ ತಂಗಿಯ ಕಲೆ ಪೂರ್ತಿ ಹೋಗಿಲ್ಲ, ಬಹಳ ನಿಧಾನವಾಗಿ ತಿಳಿಯಾಗುತ್ತಿದೆ. ನಿಮಗೂ ಹೀಗಾದರೆ ಸಿಟ್ಟಿನಲ್ಲಿ ಬಾಟಲಿ ಎಸೆಯಬೇಡಿ. ವೈದ್ಯರ ಬಳಿಗೆ ಅದನ್ನೇ ಒಯ್ಯಿರಿ. ರಸೀದಿ ಇದ್ದರೆ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡುವಾಗ ಬೇಕಾಗುತ್ತದೆ.