ಎರಡು ವರ್ಷ ಬಳಸಿದ ಮೇಲೆ ಹೇಳ್ತೀನಿ: ಕ್ಯಾಮೆರಾ ಬಾಡಿಗೆಗೆ ಸಾಕು, ಲೈಟ್ ಕೊಳ್ಳಿ

ಧಾರವಾಡದಲ್ಲಿ ಓದುವಾಗ ನಾವು ಐದು ಜನ ದುಡ್ಡು ಕೂಡಿಸಿ ಕಿರುಚಿತ್ರಕ್ಕೆ ಕೈ ಹಾಕಿದೆವು. ಗದಗ-ಬೆಟಗೇರಿಯ ಒಬ್ಬ ನೇಕಾರಜ್ಜನ ಕಥೆ. ಇರೋ ದುಡ್ಡಿಗೆ ಕ್ಯಾಮೆರಾ ತಗೋಬೇಕೋ ಲೈಟ್ ತಗೋಬೇಕೋ ಅಂತ ವಾರವಿಡೀ ಜಗಳ. ಮಗ್ಗದ ಕೋಣೆಗೆ ಕಾಲಿಟ್ಟ ದಿನವೇ ಅದು ಮುಗಿಯಿತು. ಕುಣಿಮಗ್ಗ (ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಮಗ್ಗ), ಒಂದು ಬೆಳಕಿಂಡಿ, ಒಂದು ಟ್ಯೂಬ್‌ಲೈಟ್, ಅಷ್ಟೇ. ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 6400ಕ್ಕೆ ಏರಿಸಿದರೆ ಅಜ್ಜನ ಮುಖದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತಿತ್ತು.

60 ವ್ಯಾಟಿನ ಎಲ್‌ಇಡಿ ಕೊಂಡೆವು. 5600 ಕೆಲ್ವಿನ್ (ಹಗಲು ಬೆಳಕಿನ ಬಣ್ಣ), ಸಿಆರ್‌ಐ 95ರ ಮೇಲೆ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನೋದಕ್ಕೆ ನೂರಕ್ಕೆ ಕೊಡುವ ಅಂಕ), ಬೋವೆನ್ಸ್ ಮೌಂಟ್ (ಲೈಟಿನ ಮುಂದೆ ಬೇರೆ ಸಲಕರಣೆ ಸಿಕ್ಕಿಸುವ ಜೋಡಣೆ). ಸಿಆರ್‌ಐ ಯಾಕೆ ನೋಡಬೇಕು ಅಂತ ಅಲ್ಲೇ ಗೊತ್ತಾಯಿತು. ಮೊದಲು ತಂದಿದ್ದ ಅಗ್ಗದ ಪ್ಯಾನೆಲ್ ಕೆಳಗೆ ಸೀರೆಯ ಕೆಂಪು ಸೆರಗು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹೊಸ ಲೈಟ್ ಹಾಕಿದಾಗ ಕೆಂಪು ಕೆಂಪಾಗಿಯೇ ಬಂತು, ಹಾಸಿನ (ಮಗ್ಗದ ಉದ್ದನೂಲಿನ) ಎಳೆ ಎಳೆಯೂ ಕಂಡಿತು. ಮಾನಿಟರ್ ನೋಡಿ ಅಜ್ಜ ನಕ್ಕಿದ್ದು ಇನ್ನೂ ಕಣ್ಣಮುಂದಿದೆ.

ಇದಕ್ಕೆ ಫ್ಯಾನ್ ಇದೆ. ಲಾಳಿ ಓಡುವಾಗ ಅದರ ಸದ್ದು ಗೊತ್ತಾಗಲ್ಲ. ಅಜ್ಜ ಸುಮ್ನೆ ಕೂತಿರೋ ದೃಶ್ಯದಲ್ಲಿ ಮಾತ್ರ ಗುಂಯ್ ಅಂತ ರೆಕಾರ್ಡ್ ಆಯಿತು. ಲೈಟನ್ನು ಅಂಗಳಕ್ಕೆ ಒಯ್ದು, ಕಿಟಕಿಗೆ ಬಿಳಿ ಧೋತ್ರ ಕಟ್ಟಿ, ಅದರ ಮೂಲಕ ಬೆಳಕು ಬಿಟ್ಟೆವು. ಸದ್ದೂ ಹೋಯಿತು, ಬೆಳಕೂ ಮೆತ್ತಗಾಯಿತು. ನೀಲಿ ಹಾಕಿ ಒಗೆದ ಧೋತ್ರ ಬೇಡ, ಮುಖದ ಮೇಲೆ ತುಸು ನೀಲಿ ಬೀಳುತ್ತದೆ. ಒಳಗಿನ ಟ್ಯೂಬ್‌ಲೈಟ್ ಆರಿಸಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗೇ ತೋರಿಸುವ ಸೆಟ್ಟಿಂಗ್) ಆಟೋದಲ್ಲಿ ಇಡದೆ 5600ಕ್ಕೆ ಕಟ್ಟಿಹಾಕಿ. ಬೆಳಕು ಮುಖದ ಮೇಲೆ ಮರಳಿ ಬೀಳುವ ಹಾಗೆ ಎದುರುಗಡೆ ಒಂದು ಥರ್ಮಾಕೋಲ್ ಹಲಗೆ ಹಿಡಿದರೆ ಎರಡನೇ ಲೈಟ್ ಬೇಕಿಲ್ಲ.

ಕ್ಯಾಮೆರಾ ಕ್ಯಾನನ್ 200ಡಿ ಮಾರ್ಕ್ 2, ಹುಬ್ಬಳ್ಳಿಯಿಂದ ಬಾಡಿಗೆಗೆ. ಅದರಲ್ಲಿ 4ಕೆ ಹಾಕಿದರೆ ಫ್ರೇಮ್ ಇನ್ನೂ ಕಿರಿದಾಗುತ್ತದೆ, ಡ್ಯುಯಲ್ ಪಿಕ್ಸೆಲ್ ಅನ್ನುವ ಚುರುಕಾದ ಆಟೋಫೋಕಸ್ ಸಿಗಲ್ಲ. ಫುಲ್ ಎಚ್‌ಡಿಯಲ್ಲೇ ತೆಗೆದೆವು, ನಮಗೆ ಅದು ಧಾರಾಳ ಸಾಕಾಯಿತು. 50 ಎಂಎಂ ಎಫ್/1.8 ಲೆನ್ಸ್ ಜೊತೆಗೆ ಕೇಳಿ ತಗೊಳ್ಳಿ. ಈ ಕ್ಯಾಮೆರಾದ ಚಿಕ್ಕ ಸೆನ್ಸರ್ ಮೇಲೆ ಅದು 80 ಎಂಎಂ ಥರ ಕೆಲಸ ಮಾಡುತ್ತದೆ, ಅಂದರೆ ದೃಶ್ಯ ಹತ್ತಿರ ಬಂದ ಹಾಗೆ ಕಾಣುತ್ತದೆ, ಮುಖ, ಕೈಬೆರಳಿಗೆಲ್ಲ ಚೆಂದ. ಇಕ್ಕಟ್ಟಾದ ಕೋಣೆಗೆ ಮಾತ್ರ ಅಗಲಕ್ಕೆ ಕಾಣುವ 18-55 ಲೆನ್ಸ್ ಬೇಕೇ ಬೇಕು.

ಇನ್ನೊಂದು ಮಾತು. ಬಾಡಿಗೆ ಕ್ಯಾಮೆರಾ ಕೈಗೆ ಬಂದ ಕೂಡಲೇ ಮೆನುವಿನಲ್ಲಿ ವಿಡಿಯೋ ಪದ್ಧತಿ ಪಾಲ್ ಇದೆಯೋ ಎನ್‌ಟಿಎಸ್‌ಸಿ ಇದೆಯೋ ನೋಡಿ. ನಮ್ಮ ಕರೆಂಟ್ 50 ಹರ್ಟ್ಸ್. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ಟ್ಯೂಬ್‌ಲೈಟ್ ಮಿಣುಕಲ್ಲ. ನಾವು ನೋಡದೆ ಎನ್‌ಟಿಎಸ್‌ಸಿಯ 30 ಫ್ರೇಮ್, 1/60ರಲ್ಲಿ ತೆಗೆದ ಮೊದಲ ದಿನದ ಶಾಟ್‌ಗಳಲ್ಲೆಲ್ಲ ಪಟ್ಟೆ ಓಡಾಡುತ್ತಿತ್ತು. ಮತ್ತೆ ಗದಗಿಗೆ ಹೋಗಿ ತೆಗೆಯಬೇಕಾಯಿತು, ಅಜ್ಜ ಬೇಜಾರು ಮಾಡಿಕೊಳ್ಳದೆ ಮತ್ತೆ ಮಗ್ಗಕ್ಕೆ ಕೂತರು.

ಲೈಟ್ ಈಗಲೂ ನನ್ನ ಹತ್ತಿರ ಇದೆ. ಎರಡು ವರ್ಷದಲ್ಲಿ ಜೂನಿಯರ್‌ಗಳು ಅದರಲ್ಲೇ ನಾಲ್ಕು ಚಿತ್ರ ಮುಗಿಸಿದ್ದಾರೆ. ಹಾಳಾಗಿದ್ದು ಸ್ಟ್ಯಾಂಡಿನ ಒಂದು ತಿರುಪು ಮಾತ್ರ.